ಗಾಯ ಮಾಯಿಸುವವರ ಪರದೆ

ರಾಮಾಯಣದ ಯುದ್ಧದಲ್ಲಿ ಲಕ್ಷ್ಮಣ ಎಚ್ಚರ ತಪ್ಪಿ ಬಿದ್ದಾಗ ಮದ್ದು ಯಾವುದೆಂದು ಹೇಳಿದವನು ಸುಷೇಣ, ತರಲು ಹೋದವನು ಹನುಮಂತ. ಬೆಟ್ಟದ ಮೇಲೆ ಅಷ್ಟೊಂದು ಗಿಡಗಳ ನಡುವೆ ಬೇಕಾದ್ದು ಯಾವುದೆಂದು ಅವನಿಗೆ ತಿಳಿಯಲಿಲ್ಲ. ಹುಡುಕುತ್ತ ಕೂರಲು ಹೊತ್ತೂ ಇರಲಿಲ್ಲ. ಹಾಗಾಗಿ ಬೆಟ್ಟವನ್ನೇ ಕಿತ್ತು ತಂದ. ಇದನ್ನು ನಾವೆಲ್ಲ ಶಕ್ತಿಯ ಕಥೆಯಾಗಿ ಕೇಳಿ ಬೆಳೆದವರು. ಕ್ಯಾಲೆಂಡರಿನಲ್ಲೂ ಬೆಟ್ಟ ಹೊತ್ತ ಹನುಮಂತನೇ ಇರುತ್ತಾನೆ, ಸುಷೇಣನ ಚಿತ್ರವನ್ನು ನಾನು ಯಾರ ಮನೆಯ ಗೋಡೆಯ ಮೇಲೂ ನೋಡಿಲ್ಲ. ಆದರೆ ಈ ಕಥೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಮದ್ದು ಇತ್ತು, ತರುವ ಬಲವೂ ಇತ್ತು. ಇಲ್ಲದೇ ಹೋದದ್ದು ಹೊತ್ತಿಗೆ ಸರಿಯಾಗಿ ಅದನ್ನು ಗುರುತಿಸುವ ಉಪಾಯ.

ಕಂಪ್ಯೂಟರಿನಲ್ಲಿ ಹತ್ತಾರು ಜನ ಕೂಡಿ ಆಡುವ ಪಾತ್ರಾಭಿನಯದ ಆಟಗಳಲ್ಲಿ ‘ಹೀಲರ್’ ಆಗಿ ಆಡಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಆಡದವರಿಗಾಗಿ ಎರಡು ಮಾತು. ಈ ಆಟಗಳಲ್ಲಿ ತಂಡಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಕೆಲಸಗಳಿರುತ್ತವೆ. ರಾಕ್ಷಸನ ಎದುರು ನಿಂತು ಏಟು ತಿನ್ನುವವನು ಟ್ಯಾಂಕ್. ಸುತ್ತ ನಿಂತು ಏಟು ಕೊಡುವವರು ಹೆಚ್ಚಿನವರು. ಇವರೆಲ್ಲ ಸಾಯದಂತೆ ಗಾಯ ಮಾಯಿಸುತ್ತ ಇರುವವನು ಹೀಲರ್. ಮೊದಲಿನ ಇಬ್ಬರು ನೋಡಬೇಕಾದದ್ದು ಒಬ್ಬ ಶತ್ರುವನ್ನು. ಹೀಲರ್ ನೋಡಬೇಕಾದದ್ದು ಐದು, ಇಪ್ಪತ್ತೈದು, ಕೆಲವೊಮ್ಮೆ ನಲವತ್ತು ಜನ ಸ್ನೇಹಿತರನ್ನು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿಗೆ ಭಾನುವಾರ ಬೆಳಿಗ್ಗೆ ಹೋದರೆ ಸಪ್ಲೈಯರ್ ಒಬ್ಬ ಹತ್ತು ಟೇಬಲ್ಲುಗಳ ಮೇಲೆ ಕಣ್ಣಿಟ್ಟು, ಎಲ್ಲಿ ಚಟ್ನಿ ಮುಗಿದಿದೆ, ಯಾರು ಕಾಫಿಗೆ ಕಾಯುತ್ತಿದ್ದಾರೆ ಎಂದು ಲೆಕ್ಕ ಇಡುತ್ತ ಓಡಾಡುವುದನ್ನು ನೋಡಬಹುದು. ಹೀಲರ್‌ನ ಕೆಲಸ ಅದೇ. ಅವನ ಕೈಯಲ್ಲಿರುವ ಮಂತ್ರಶಕ್ತಿಗೆ ಮಿತಿಯಿದೆ, ಅದನ್ನು ಯಾರಿಗೆ, ಎಷ್ಟು, ಯಾವ ಗಳಿಗೆಯಲ್ಲಿ ಎಂದು ಹಂಚುತ್ತಿರಬೇಕು. ನಾನು ಇದ್ದದ್ದು ತುಮಕೂರಿನ ಬಟವಾಡಿಯಲ್ಲಿ. ಅದಕ್ಕೋ ಏನೋ, ಈ ಕೆಲಸಕ್ಕೆ ‘ಬಟವಾಡೆ’ಗಿಂತ ಒಪ್ಪುವ ಮಾತು ಬೇರೆ ಇಲ್ಲ ಎಂದೇ ನನಗೆ ಅನಿಸುತ್ತದೆ.

ಹಂಚುವವನಿಗೆ ಎಲ್ಲರೂ ಒಂದೇ ನೋಟಕ್ಕೆ ಕಾಣಬೇಕು. ಆದರೆ ಈ ಆಟಗಳ ಪರದೆಗಳು ಬಹಳ ಕಾಲ ಏಟು ಕೊಡುವವನ ಕಣ್ಣಿಗೆ ತಕ್ಕಂತೆ ತಯಾರಾದವು. ಹೀಲರ್‌ಗೆ ಒಗ್ಗುವ ಪರದೆಯನ್ನು ಆಟ ಮಾಡಿದ ಕಂಪನಿಗಳಿಗಿಂತ ಮೊದಲೇ ಆಡುವವರು ತಾವಾಗಿ ಕಟ್ಟಿಕೊಂಡರು. ಅವರು ಕಟ್ಟಿದ್ದನ್ನು ಕಂಪನಿಗಳು ಕೆಲವೊಮ್ಮೆ ತಡೆದವು, ಕೆಲವೊಮ್ಮೆ ತಮ್ಮದಾಗಿಸಿಕೊಂಡವು. ಆಟದ ಇತಿಹಾಸ ಬರೆಯುವವರು ರಾಕ್ಷಸರನ್ನೂ ಯುದ್ಧಗಳನ್ನೂ ನೆನೆಯುತ್ತಾರೆ. ಪರದೆಯ ಮೂಲೆಯ ಪಟ್ಟಿ ಯಾರಿಂದ ಆ ರೂಪಕ್ಕೆ ಬಂತು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಅದರ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಹೀಲರ್ ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಕಾಗದದ ಮೇಲೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಯೋಧ, ಮಾಂತ್ರಿಕ, ಕ್ಲೆರಿಕ್ ಎಂಬ ಮೂರು ವರ್ಗಗಳಿದ್ದವು. ಕ್ಲೆರಿಕ್ ಎಂದರೆ ಪೂಜಾರಿ. ಆರ್ನೆಸನ್ ಆಡಿಸುತ್ತಿದ್ದ ಆಟದಲ್ಲಿ ರಕ್ತಪಿಶಾಚಿಯಾಗಿದ್ದ ಒಬ್ಬ ಆಟಗಾರನ ಉಪಟಳ ಹೆಚ್ಚಿ, ಅವನನ್ನು ತಡೆಯಲು ಈ ಪಾತ್ರ ಬಂತು. ಗಾಯ ಮಾಯಿಸುವುದು ಅವನಿಗೆ ಅಂಟಿದ ಇನ್ನೊಂದು ವಿದ್ಯೆ. ಆ ಮೊದಲ ನಿಯಮಗಳಲ್ಲಿ ಒಂದನೇ ಹಂತದ ಕ್ಲೆರಿಕ್‌ಗೆ ಒಂದು ಮಂತ್ರವೂ ಇರಲಿಲ್ಲ. ಮೇಜಿನ ಸುತ್ತ ಕುಳಿತು ಆಡುವಾಗ ಪರದೆಯ ಗೊಡವೆಯೇ ಇಲ್ಲ. ಪಕ್ಕದವನು ‘ನಾನು ಸಾಯ್ತಿದೀನಿ’ ಎಂದು ಬಾಯಲ್ಲೇ ಹೇಳುತ್ತಾನೆ, ನೀವು ದಾಳ ಉರುಳಿಸುತ್ತೀರಿ. ಎಲ್ಲರೂ ನಿಮಗಾಗಿ ಕಾಯುತ್ತಾರೆ.

ಕಂಪ್ಯೂಟರು ಕಾಯುವುದಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಆಟದಿಂದ, ಹಲವರು ಒಟ್ಟಿಗೆ ಸೇರುವ ಅಕ್ಷರರೂಪದ ಲೋಕಗಳು ಶುರುವಾದವು. ಚಿತ್ರವಿಲ್ಲ, ಬರೀ ಸಾಲುಗಳು. 1990ರ ಆಸುಪಾಸಿನಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾಡಿದ ‘ಡಿಕುಮಡ್’ನಲ್ಲಿ ಕ್ಲೆರಿಕ್ ಮತ್ತೆ ಬಂದ. ಅಲ್ಲಿ ಗೆಳೆಯನ ಗಾಯ ಮಾಯಿಸಬೇಕಾದರೆ ಮಂತ್ರದ ಹೆಸರು, ಗೆಳೆಯನ ಹೆಸರು ಎರಡನ್ನೂ ಟೈಪ್ ಮಾಡಬೇಕು. ಅಷ್ಟರಲ್ಲಿ ಯುದ್ಧದ ಹತ್ತು ಸಾಲು ಮೇಲೆ ಸರಿದುಹೋಗಿರುತ್ತಿತ್ತು. ಒಂದು ಅಕ್ಷರ ತಪ್ಪಿದರೆ ಗೆಳೆಯ ಸತ್ತ.

ಆಗ ಆಟಗಾರರು ತಮ್ಮದೇ ಸಲಕರಣೆಗಳನ್ನು ಮಾಡಿಕೊಂಡರು. ಟಿನ್‌ಟಿನ್, ಟೈನಿಫ್ಯೂಗ್, ಝೀಮಡ್ ಮುಂತಾದ ತಂತ್ರಾಂಶಗಳಲ್ಲಿ ಉದ್ದನೆಯ ಆಜ್ಞೆಗೆ ಒಂದೇ ಅಕ್ಷರದ ಅಡ್ಡಹೆಸರು ಇಡಬಹುದಿತ್ತು. ಇನ್ನೂ ಮುಂದೆ ಹೋಗಿ, ಪರದೆಯಲ್ಲಿ ಇಂಥ ಸಾಲು ಕಂಡ ತಕ್ಷಣ ಇಂಥ ಆಜ್ಞೆ ತಾನೇ ಹೋಗಲಿ ಎಂದು ಕಟ್ಟು ಮಾಡಬಹುದಿತ್ತು. ಮೊದಲನೆಯದು ಕೈಯ ಶ್ರಮ ಉಳಿಸುವಂಥದ್ದು. ಎರಡನೆಯದು ಮನುಷ್ಯನ ಬದಲು ತಾನೇ ನಿರ್ಧರಿಸುವಂಥದ್ದು. ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಎಂಬ ಜಗಳ ಅಲ್ಲಿಂದ ಇಲ್ಲಿಯತನಕ ಮುಗಿದಿಲ್ಲ.

1999ರ ಮಾರ್ಚಿನಲ್ಲಿ ‘ಎವರ್‌ಕ್ವೆಸ್ಟ್’ ಬಂತು. ಮೂರು ಆಯಾಮದ ಲೋಕ, ಕಾಡು, ಕೋಟೆ, ಡ್ರ್ಯಾಗನ್. ಇಷ್ಟೆಲ್ಲ ಕಟ್ಟಿದವರು ಹೀಲರ್‌ಗೆ ಕೊಟ್ಟದ್ದೇನು? ಮಂತ್ರಶಕ್ತಿ ಮರಳಿ ತುಂಬಿಕೊಳ್ಳಲು ಅವನು ಕುಳಿತು ಮಂತ್ರದ ಪುಸ್ತಕ ತೆರೆದಿಟ್ಟುಕೊಳ್ಳಬೇಕು. ಆ ಪುಸ್ತಕ ಪರದೆಯ ಬಹುಪಾಲನ್ನು ಮುಚ್ಚುತ್ತಿತ್ತು. ಆರಂಭದ ವರ್ಷಗಳಲ್ಲಿ 35ನೇ ಹಂತ ತಲುಪುವವರೆಗೂ ಇದೇ ಪಾಡು. ಜೊತೆಗಾರರು ಹೊಸ ಲೋಕ ನೋಡುತ್ತಿದ್ದರೆ ಕ್ಲೆರಿಕ್ ಪುಸ್ತಕದ ಹಾಳೆ ನೋಡುತ್ತ ಕೂರುತ್ತಿದ್ದ. ಹಿಂದಿನಿಂದ ಯಾರು ಬಂದರೂ ಕಾಣದು.

ಆದರೂ ಈ ಆಟದ ಹೀಲರ್‌ಗಳು ಒಂದು ಸೊಗಸಾದ ವ್ಯವಸ್ಥೆ ಕಂಡುಕೊಂಡರು. 39ನೇ ಹಂತದ ಕ್ಲೆರಿಕ್‌ಗೆ ‘ಕಂಪ್ಲೀಟ್ ಹೀಲ್’ ಎಂಬ ದೊಡ್ಡ ಮಂತ್ರ ಸಿಗುತ್ತಿತ್ತು. ಅದನ್ನು ಹೇಳಿ ಮುಗಿಸಲು 10 ಸೆಕೆಂಡು ಬೇಕು. ದೊಡ್ಡ ಡ್ರ್ಯಾಗನ್ ಎದುರು ಅಷ್ಟು ಹೊತ್ತು ಯಾರೂ ಉಳಿಯುವುದಿಲ್ಲ. ಅದಕ್ಕೆ ಕ್ಲೆರಿಕ್‌ಗಳು ಸರದಿ ಹಾಕಿಕೊಂಡರು. ಒಂದನೆಯವನು ಮಂತ್ರ ಶುರು ಮಾಡಿದಾಗ ಒಂದು ಗುಂಡಿ ಒತ್ತುತ್ತಾನೆ. ಅದರಿಂದಲೇ ಎಲ್ಲರ ಪರದೆಗೆ ‘ನಾನು ಶುರು ಮಾಡಿದೆ, ಮುಂದಿನವನು ಸಿದ್ಧವಾಗು’ ಎಂಬ ಸಂದೇಶ ಹೋಗುತ್ತದೆ. ಕೆಲವೇ ಸೆಕೆಂಡಿಗೆ ಎರಡನೆಯವನು, ಆಮೇಲೆ ಮೂರನೆಯವನು. ಕಟ್ಟಡದ ಕೆಲಸದಲ್ಲಿ ಸಾಲಾಗಿ ನಿಂತು ಬಾಂಡ್ಲಿ ದಾಟಿಸುವ ಹಾಗೆ. ಇದಕ್ಕಾಗಿ ಆಟದಲ್ಲಿ ಯಾವ ಪಟ್ಟಿಯೂ ಗಡಿಯಾರವೂ ಇರಲಿಲ್ಲ. ಹರಟೆಗೆಂದು ಕೊಟ್ಟಿದ್ದ ಕಿಟಕಿಯನ್ನೇ ಅವರು ಸರದಿಯ ಹಲಗೆ ಮಾಡಿಕೊಂಡಿದ್ದರು.

2004ರ ನವೆಂಬರ್ 23ರಂದು ಅಮೆರಿಕದಲ್ಲಿ ಬಿಡುಗಡೆಯಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಈ ಕಥೆಯ ದಿಕ್ಕು ಬದಲಿಸಿತು. ಅದನ್ನು ಮಾಡಿದ ಬ್ಲಿಝರ್ಡ್ ಕಂಪನಿ ಪರದೆಯ ಜೋಡಣೆಯನ್ನು ಲುವಾ ಎಂಬ ಭಾಷೆಯಲ್ಲಿ ಬರೆದು, ಆಟಗಾರರೂ ಅದೇ ಭಾಷೆಯಲ್ಲಿ ತಮ್ಮ ತುಣುಕುಗಳನ್ನು ಸೇರಿಸಲು ಬಾಗಿಲು ತೆರೆದಿಟ್ಟಿತು. ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ಪೋರ್ಚುಗೀಸಿನಲ್ಲಿ ಆ ಪದಕ್ಕೆ ಚಂದ್ರ ಎಂದರ್ಥ. ಆಟಗಾರರು ಬರೆದ ತುಣುಕುಗಳಿಗೆ ‘ಆಡ್-ಆನ್’ ಎಂದು ಹೆಸರು.

ಹೀಲರ್‌ಗಳಿಗೆ ಅದು ಬೇಕೇ ಬೇಕಿತ್ತು. ಆ ಆಟದ ದೊಡ್ಡ ಯುದ್ಧಗಳಿಗೆ ಆಗ 40 ಜನ ಹೋಗುತ್ತಿದ್ದರು. ಕಂಪನಿ ಕೊಟ್ಟ ಪರದೆ ಐದು ಜನರ ತಂಡಕ್ಕೆ ಸರಿಯಾಗಿತ್ತು, ನಲವತ್ತಕ್ಕೆ ಅಲ್ಲ. ಮೊದಲು ಗಾಯಗೊಂಡವನನ್ನು ಮೌಸಿನಿಂದ ಆರಿಸಬೇಕು, ಆಮೇಲೆ ಮಂತ್ರದ ಕೀಲಿ ಒತ್ತಬೇಕು. ಪ್ರತಿ ಬಾರಿಯೂ ಎರಡು ಕೆಲಸ. ‘ಸಿಟಿ ರೇಡ್ ಅಸಿಸ್ಟ್’ ಎಂಬ ಆಡ್-ಆನ್ ನಲವತ್ತೂ ಜನರ ಪಟ್ಟಿಗಳನ್ನು ಒಂದೆಡೆ ಜೋಡಿಸಿತು. ‘ಹೀಲ್‌ಬಾಟ್’, ‘ಕ್ಲಿಕ್’ ಮುಂತಾದವು ಆ ಎರಡು ಕೆಲಸಗಳನ್ನು ಒಂದಾಗಿಸಿದವು. ಗೆಳೆಯನ ಪಟ್ಟಿಯ ಮೇಲೆ ಎಡಗುಂಡಿ ಒತ್ತಿದರೆ ದೊಡ್ಡ ಮಂತ್ರ, ಬಲಗುಂಡಿ ಒತ್ತಿದರೆ ಸಣ್ಣದು, ಶಿಫ್ಟ್ ಹಿಡಿದು ಒತ್ತಿದರೆ ವಿಷ ತೆಗೆಯುವ ಮಂತ್ರ. ಯಾವುದಕ್ಕೆ ಯಾವುದು ಎಂಬುದು ಆಡುವವನ ಇಷ್ಟ. ‘ಗ್ರಿಡ್’ ಎಂಬುದು ಉದ್ದ ಪಟ್ಟಿಗಳನ್ನೇ ತೆಗೆದು ಪ್ರತಿಯೊಬ್ಬರನ್ನೂ ಒಂದು ಪುಟ್ಟ ಚೌಕವಾಗಿಸಿತು. ಚೌಕದ ಮೂಲೆಗಳಲ್ಲಿ ಸಣ್ಣ ಚುಕ್ಕಿಗಳು: ಒಂದು ಮೂಲೆಯಲ್ಲಿ ವಿಷ, ಇನ್ನೊಂದರಲ್ಲಿ ರಕ್ಷಣೆಯ ಮಂತ್ರ, ಮತ್ತೊಂದರಲ್ಲಿ ಈತ ಶತ್ರುವಿನ ಕಣ್ಣಿಗೆ ಬಿದ್ದಿದ್ದಾನೆ ಎಂಬ ಎಚ್ಚರಿಕೆ. ಇನ್ನು ‘ಲಿಬ್‌ಹೀಲ್‌ಕಾಮ್’ ಎಂಬುದು ಒಬ್ಬ ಹೀಲರ್ ಈಗ ಯಾರಿಗೆ ಮಂತ್ರ ಹೇಳುತ್ತಿದ್ದಾನೆ ಎಂಬುದನ್ನು ಮಿಕ್ಕ ಹೀಲರ್‌ಗಳ ಪರದೆಗೆ ತಲುಪಿಸುತ್ತಿತ್ತು. ಒಬ್ಬನ ಗಾಯಕ್ಕೆ ಮೂವರು ಮದ್ದು ಸುರಿದು ವ್ಯರ್ಥ ಮಾಡುವುದು ಇದರಿಂದ ಕಡಿಮೆಯಾಯಿತು. ಎವರ್‌ಕ್ವೆಸ್ಟಿನ ಹೀಲರ್‌ಗಳು ಹರಟೆ ಕಿಟಕಿಯಲ್ಲಿ ಮಾಡಿದ್ದ ಏರ್ಪಾಡಿಗೆ ಇದು ಹತ್ತಿರದ ಸಂಬಂಧಿ.

ಇಷ್ಟೆಲ್ಲ ಬರೆದವರಲ್ಲಿ ಬಹುಪಾಲು ಜನ ಆಡುವವರೇ. 2009ರ ಮಾರ್ಚಿನಲ್ಲಿ ಬ್ಲಿಝರ್ಡ್ ಆಡ್-ಆನ್‌ಗಳಿಗೆ ನಿಯಮ ತಂದಿತು. ಅವನ್ನು ಮಾರುವಂತಿಲ್ಲ, ಆಟದ ಒಳಗೆ ಹಣ ಕೇಳುವಂತಿಲ್ಲ, ಬರೆದ ಸಾಲುಗಳನ್ನು ಬಚ್ಚಿಡುವಂತಿಲ್ಲ. ಸಾಲುಗಳು ತೆರೆದೇ ಇದ್ದುದರಿಂದ ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಕಲಿತರು, ತಿದ್ದಿದರು. ಆಟವನ್ನು ಆಡುವಂತೆ ಮಾಡಿದ ಶ್ರಮಕ್ಕೆ ಸಂಬಳವಿರಲಿಲ್ಲ ಎಂಬುದೂ ನಿಜ.

ಹಾಗೆಂದು ಕಂಪನಿ ತಡೆದದ್ದೆಲ್ಲ ತಪ್ಪು ಎಂದು ನಾನು ಹೇಳಲಾರೆ. ‘ಡಿಕರ್ಸಿವ್’ ಎಂಬ ಆಡ್-ಆನ್ ಕಥೆ ಕೇಳಿ. ಶಾಪ, ವಿಷ, ರೋಗ ತಗುಲಿದವರನ್ನು ಹುಡುಕಿ ಬಿಡಿಸುವುದು ಹೀಲರ್‌ನ ಕೆಲಸಗಳಲ್ಲೊಂದು. ಡಿಕರ್ಸಿವ್ ಇದ್ದರೆ ಒಂದೇ ಕೀಲಿಯನ್ನು ಒತ್ತುತ್ತಿದ್ದರೆ ಸಾಕಿತ್ತು. ನಲವತ್ತು ಜನರಲ್ಲಿ ಯಾರಿಗೆ ಏನು ಆಗಿದೆ, ಮೊದಲು ಯಾರು, ಯಾವ ಮಂತ್ರ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತಿತ್ತು. ಮನುಷ್ಯ ಬರೀ ಬೆರಳು. 2006ರ ಡಿಸೆಂಬರಿನಲ್ಲಿ ಬಂದ 2.0 ಪರಿಷ್ಕರಣೆಯಲ್ಲಿ ಬ್ಲಿಝರ್ಡ್ ಇದನ್ನು ನಿಲ್ಲಿಸಿತು. ಯುದ್ಧದ ನಡುವೆ ಯಾರಿಗೆ, ಯಾವ ಮಂತ್ರ ಎಂಬುದನ್ನು ಆಡ್-ಆನ್ ಆರಿಸುವಂತಿಲ್ಲ, ಆರಿಸುವವನು ಮನುಷ್ಯನೇ ಆಗಿರಬೇಕು. ಡಿಕರ್ಸಿವ್ ಸಾಯಲಿಲ್ಲ. ರೋಗ ತಗುಲಿದವರನ್ನು ಪುಟ್ಟ ಚೌಕಗಳಲ್ಲಿ ತೋರಿಸತೊಡಗಿತು. ಒತ್ತುವ, ಆರಿಸುವ ಕೆಲಸ ಆಡುವವನಿಗೆ ಮರಳಿತು. ತೋರಿಸಬಹುದು, ತೀರ್ಮಾನಿಸಬಾರದು. ಈ ಗೆರೆ ನನಗೆ ಇವತ್ತಿಗೂ ನ್ಯಾಯವಾಗಿಯೇ ಕಾಣುತ್ತದೆ.

ನಾನು ಆಟಕ್ಕೆ ಇಳಿದದ್ದು ಇದಾದ ಮೇಲೆ, 2008ರ ಸುಮಾರಿಗೆ. ಇಂಜಿನಿಯರಿಂಗ್ ಓದುತ್ತ ಬಟವಾಡಿಯಲ್ಲಿ ಮೂವರು ಸೇರಿ ರೂಮು ಮಾಡಿದ್ದೆವು. ಭಾರತದಲ್ಲಿ ಆ ಆಟದ ಸರ್ವರ್ ಇರಲಿಲ್ಲ, ಆಡುತ್ತಿದ್ದದ್ದು ಯುರೋಪಿನ ಸರ್ವರಿನಲ್ಲಿ. ಅವರು ಚಳಿಗಾಲದ ರಾತ್ರಿ 8ಕ್ಕೆ ಸೇರಿದರೆ ನಮಗೆ ನಡುರಾತ್ರಿ 12.30. ಬಿ.ಎಚ್. ರಸ್ತೆಯ ಲಾರಿಗಳ ಸದ್ದು ಬಿಟ್ಟರೆ ಊರೆಲ್ಲ ಮಲಗಿರುತ್ತಿತ್ತು.

ಅಲ್ಲಿ ಪರದೆಯ ಜೋಡಣೆಯ ಬೆಲೆ ನನಗೆ ಎರಡು ರೀತಿಯಲ್ಲಿ ತಿಳಿಯಿತು. ಮೊದಲನೆಯದು ದೂರ. ತುಮಕೂರಿನಿಂದ ಪಶ್ಚಿಮ ಯುರೋಪಿಗೆ ನೇರ ಲೆಕ್ಕದಲ್ಲಿ ಸುಮಾರು 8,000 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಹೋಗಿ ಬರಲು ಕಡಿಮೆಯೆಂದರೂ 80 ಮಿಲಿಸೆಕೆಂಡು. ಸಮುದ್ರದ ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ, ನಡುವೆ ಹತ್ತಾರು ಯಂತ್ರಗಳು ಇರುವುದರಿಂದ ನನ್ನ ಪರದೆಯಲ್ಲಿ 300ರ ಆಸುಪಾಸು ತೋರುತ್ತಿತ್ತು. ಆ ಆಟದಲ್ಲಿ ಸಾಮಾನ್ಯವಾಗಿ ಒಂದು ಮಂತ್ರಕ್ಕೂ ಇನ್ನೊಂದಕ್ಕೂ ನಡುವೆ 1.5 ಸೆಕೆಂಡಿನ ಅಂತರ. ಅದರಲ್ಲಿ ಐದನೇ ಒಂದು ಭಾಗ ನನ್ನ ಪಾಲಿಗೆ ದಾರಿಯಲ್ಲೇ ಕಳೆಯುತ್ತಿತ್ತು. ಪ್ಯಾರಿಸ್ಸಿನವನಿಗೆ ಎರಡು ಬಾರಿ ಒತ್ತುವ ಪುರುಸೊತ್ತು ಇರಬಹುದು, ಬಟವಾಡಿಯವನಿಗೆ ಇಲ್ಲ. ಎರಡು ಕೆಲಸವನ್ನು ಒಂದು ಮಾಡಿದ ಆಡ್-ಆನ್ ಅವನಿಗೆ ಅನುಕೂಲ, ನನಗೆ ಆಡಲು ಸಿಗುವ ಅವಕಾಶ.

ಎರಡನೆಯದು ನನ್ನ ರೂಮಿನ ಗೆಳೆಯನಿಂದ ತಿಳಿದದ್ದು. ಗುಬ್ಬಿ ಕಡೆಯವನು, ನನಗಿಂತ ಚುರುಕು. ಅವನೂ ಹೀಲರ್ ಆಗಲು ಕುಳಿತ. ಸ್ವಲ್ಪ ಹೊತ್ತಿಗೆ, ‘ಮಗಾ, ಇದ್ರಲ್ಲಿ ಯಾವ್ದೋ ಹುಷಾರಾಗಿರೋನು, ಯಾವ್ದೋ ಸಾಯ್ತಿರೋನು? ಎಲ್ಲಾ ಒಂದೇ ಬಣ್ಣ ಇದ್ಯಲ್ಲೋ’ ಎಂದ. ನಾನು ಹಾಕಿಕೊಂಡಿದ್ದ ಜೋಡಣೆಯಲ್ಲಿ ಆರೋಗ್ಯ ಹಸಿರು, ಅಪಾಯ ಕೆಂಪು. ಅವನ ಕಣ್ಣಿಗೆ ಅವೆರಡೂ ಬೇರೆಯಲ್ಲ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ನೂರಕ್ಕೆ ಎಂಟು ಜನರಿಗೆ ಕೆಂಪು-ಹಸಿರಿನ ಈ ತೊಡಕಿದೆ. ನಮ್ಮಲ್ಲಿ ಪ್ರಮಾಣ ಕಡಿಮೆ, ಇಲ್ಲದೆಯೇನೂ ಇಲ್ಲ. ಗ್ರಿಡ್‌ನ ಬಣ್ಣಗಳನ್ನು ನೀಲಿ, ಹಳದಿಗೆ ಬದಲಿಸಿ, ಚೌಕದೊಳಗೆ ಎಷ್ಟು ಪ್ರಾಣ ಕಡಿಮೆಯಾಗಿದೆ ಎಂಬ ಅಂಕಿ ಹಾಕಿದೆವು. ಅರ್ಧ ಗಂಟೆಯ ಕೆಲಸ. ಆಮೇಲೆ ಅವನು ನನಗಿಂತ ಒಳ್ಳೆಯ ಹೀಲರ್ ಆದ. ಕಣ್ಣು ಬದಲಾಗಿರಲಿಲ್ಲ, ಬುದ್ಧಿಯೂ ಬದಲಾಗಿರಲಿಲ್ಲ. ಬದಲಾದದ್ದು ಎರಡು ಬಣ್ಣ ಮಾತ್ರ. ಬಣ್ಣದ ತೊಡಕಿರುವವರಿಗಾಗಿ ಇಡೀ ಪರದೆಯ ವರ್ಣ ಬದಲಿಸುವ ಸೌಲಭ್ಯವನ್ನು ಬ್ಲಿಝರ್ಡ್ ತಾನೇ ತಂದದ್ದು 2015ರಲ್ಲಿ.

ಕಂಪನಿಗಳೂ ಸುಮ್ಮನೆ ಕುಳಿತಿರಲಿಲ್ಲ. 2010ರ ಕೊನೆಗೆ ಬಂದ ‘ಕ್ಯಾಟಕ್ಲಿಸಂ’ ಕಾಲಕ್ಕೆ ವಾರ್‌ಕ್ರಾಫ್ಟಿನ ಸ್ವಂತ ಪರದೆಯಲ್ಲೇ ಗ್ರಿಡ್ ಹೋಲುವ ಚೌಕಗಳು ಬಂದವು. 2012ರಲ್ಲಿ ಬಂದ ‘ಗಿಲ್ಡ್ ವಾರ್ಸ್ 2’ ಬೇರೆ ದಾರಿ ಹಿಡಿಯಿತು. ಹೀಲರ್ ಪಾತ್ರವನ್ನೇ ತೆಗೆದುಹಾಕಿ, ಪ್ರತಿಯೊಬ್ಬನೂ ತನ್ನ ಗಾಯ ತಾನೇ ನೋಡಿಕೊಳ್ಳಲಿ ಎಂದಿತು. ಪಟ್ಟಿ ದಿಟ್ಟಿಸುವ ಕಷ್ಟವೇ ಬೇಡ ಎಂಬ ಉಪಾಯ. ಮೂರು ವರ್ಷಕ್ಕೆ, 2015ರಲ್ಲಿ, ಅದೇ ಆಟಕ್ಕೆ ದೊಡ್ಡ ಯುದ್ಧಗಳು ಬಂದವು, ಅದರ ಜೊತೆಗೆ ಡ್ರೂಯಿಡ್ ರೂಪದಲ್ಲಿ ಹೀಲರ್ ಕೂಡ ಮರಳಿದ. ಇನ್ನೊಬ್ಬರನ್ನು ನೋಡಿಕೊಳ್ಳುವ ಆಸೆ ಕೆಲವು ಆಟಗಾರರಿಗೆ ಇದ್ದೇ ಇರುತ್ತದೆ. 2013ರಲ್ಲಿ ಹೊಸದಾಗಿ ಶುರುವಾದ ಜಪಾನಿನ ‘ಫೈನಲ್ ಫ್ಯಾಂಟಸಿ 14’ ಮೂರನೆಯ ದಾರಿ ತೋರಿತು. ಹೊರಗಿನ ಸಲಕರಣೆಗಳಿಗೆ ಅಲ್ಲಿ ಅನುಮತಿಯಿಲ್ಲ. ಬದಲಿಗೆ ಪರದೆಯ ಪ್ರತಿ ಭಾಗವನ್ನೂ ಎಳೆದು ಬೇಕಾದಲ್ಲಿ ಇಡುವ, ಹಿಗ್ಗಿಸುವ, ಕುಗ್ಗಿಸುವ ಅವಕಾಶವನ್ನು ಆಟವೇ ಕೊಡುತ್ತದೆ. ವಾರ್‌ಕ್ರಾಫ್ಟ್ ತನ್ನ ಪರದೆಯನ್ನು ಹೀಗೆ ಎಳೆದು ಜೋಡಿಸುವ ಸೌಲಭ್ಯವನ್ನು ಕೊಟ್ಟದ್ದು 2022ರಲ್ಲಿ, ಹುಟ್ಟಿ 18 ವರ್ಷವಾದ ಮೇಲೆ.

ಈ ಇತಿಹಾಸ ಈಗ ಮತ್ತೆ ಒಂದು ತಿರುವಿಗೆ ಬಂದಿದೆ. ‘ಮಿಡ್‌ನೈಟ್’ ಎಂಬ ವಿಸ್ತರಣೆಯೊಂದಿಗೆ ಯುದ್ಧದ ಮಾಹಿತಿಯನ್ನು ಆಡ್-ಆನ್‌ಗಳು ಬಳಸುವ ರೀತಿಗೆ ಬಿಗಿಯಾದ ಕಡಿವಾಣ ಹಾಕುವುದಾಗಿ ಬ್ಲಿಝರ್ಡ್ 2025ರಲ್ಲಿ ಪ್ರಕಟಿಸಿತು. ಆಡ್-ಆನ್ ಮಾಹಿತಿಯ ಬಣ್ಣ, ಆಕಾರ ಬದಲಿಸಿ ತೋರಿಸಬಹುದು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವಂತಿಲ್ಲ. ಅದಕ್ಕೆ ಬದಲಾಗಿ ಬೇಕಾದ ಸಲಕರಣೆಗಳನ್ನು ಆಟದೊಳಗೇ ಕೊಡುತ್ತೇವೆ ಎಂಬುದು ಕಂಪನಿಯ ಮಾತು. ಬಹಳ ಜನ ಬಳಸುತ್ತಿದ್ದ ‘ವೀಕ್‌ಆರಾಸ್’ ಆಡ್-ಆನ್ ಬರೆಯುವವರು ಈ ಹೊಸ ನಿಯಮಗಳ ಅಡಿಯಲ್ಲಿ ಮುಂದುವರಿಯುವುದಿಲ್ಲ ಎಂದರು. 2006ರ ಗೆರೆಯೇ ಇದು, ಆದರೆ ಇನ್ನಷ್ಟು ಒಳಕ್ಕೆ ಎಳೆದದ್ದು.

ಆಡ್-ಆನ್ ಹೇಳಿದಂತೆ ಕುಣಿಯುವ ಆಟ ಆಟವೇ ಅಲ್ಲ ಎಂಬ ಕಂಪನಿಯ ವಾದ ನನಗೆ ಒಪ್ಪಿಗೆ. ನನ್ನ ಚಿಂತೆ ಬೇರೆ. ಸರದಿಯ ಏರ್ಪಾಡು, ಒಂದೇ ಒತ್ತಿನ ಮಂತ್ರ, ಚೌಕಗಳ ಜೋಡಣೆ, ಬರಲಿರುವ ಮದ್ದಿನ ಸೂಚನೆ. ಇವನ್ನೆಲ್ಲ ಮೊದಲು ಕಂಡುಕೊಂಡವರು ಆಡುವವರು. ಕಂಪನಿಗಳು ವರ್ಷಗಳ ನಂತರ ಅವನ್ನು ತಮ್ಮ ಪರದೆಗೆ ತಂದವು. ಆಟಗಾರರ ಈ ಕಾರ್ಯಾಗಾರ ಕಿರಿದಾದರೆ ಮುಂದಿನ ಒಳ್ಳೆಯ ಯೋಚನೆ ಎಲ್ಲಿಂದ ಬರಬೇಕು? ಮೊದಲು ನಷ್ಟವಾಗುವುದು, ಕಂಪನಿಯ ಕೋಣೆಯಲ್ಲಿ ಯಾರಿಗೂ ಹೊಳೆಯದ ತೊಡಕು ಇರುವವರಿಗೆ: ಬಣ್ಣ ಕಾಣದವರಿಗೆ, ಒಂದೇ ಕೈಯಲ್ಲಿ ಆಡುವವರಿಗೆ, ಸರ್ವರಿನಿಂದ ಸಾವಿರಾರು ಮೈಲಿ ದೂರ ಇರುವವರಿಗೆ.

ಕನ್ನಡದವರಿಗೆ ಇದು ದೂರದ ಮಾತಲ್ಲ. ಇಂಗ್ಲಿಷಿಗೆಂದು ಮಾಡಿದ 26 ಅಕ್ಷರಗಳ ಕೀಲಿಮಣೆಯಲ್ಲಿ ನಮ್ಮ ಅಕ್ಷರಮಾಲೆ ಕೂರಬೇಕಾದಾಗ ಅದನ್ನು ಕೂರಿಸಿಕೊಟ್ಟವರೂ ಬಳಸುವವರ ಕಡೆಯವರೇ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’, ಆಮೇಲೆ ಬಂದ ‘ನುಡಿ’, ಇವು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಯಂತ್ರ ಮಾಡಿದವರ ಕಣ್ಣಿಗೆ ನಾವು ಬೀಳುವ ಮೊದಲೇ ನಮ್ಮವರು ಅದನ್ನು ನಮ್ಮ ಕೈಗೆ ಒಗ್ಗಿಸಿದ್ದರು.

ತುಮಕೂರಿನ ಕಾಲೇಜುಗಳಲ್ಲಿ ಈಗ ಆಟ ಆಡುವ ಹುಡುಗ ಹುಡುಗಿಯರಷ್ಟೇ ಅಲ್ಲ, ಆಟ ಬರೆಯಬೇಕೆನ್ನುವವರೂ ಸಿಗುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಹೀಲರ್‌ನ ಪರದೆಯನ್ನು ಮೊದಲು ಮಾಡಿ, ಕತ್ತಿ ಬೀಸುವವನದ್ದು ಆಮೇಲೆ. ಬಣ್ಣ, ಅಳತೆ, ಜಾಗ, ಕೀಲಿ ಈ ನಾಲ್ಕನ್ನೂ ಬದಲಿಸಲು ಬಿಡಿ. ಒಬ್ಬರು ಮಾಡಿಕೊಂಡ ಜೋಡಣೆಯನ್ನು ಇನ್ನೊಬ್ಬರಿಗೆ ಕೊಡುವಂತಿರಲಿ. ಯಾರನ್ನು ಉಳಿಸಬೇಕು ಎಂಬ ತೀರ್ಮಾನವನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ, ಹೀಲರ್ ಕುಳಿತಿರುವುದೇ ಅದಕ್ಕೆ. ಆಮೇಲೆ ನಿಮ್ಮ ಆಟವನ್ನು ಬಣ್ಣ ಸರಿಯಾಗಿ ಕಾಣದ ಒಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ.